ನಡುಗುವ ಬೆರಳಿಗೂ ಸಿಗುವ ಬಟನ್: ಕನ್ನಡದಲ್ಲಿ ಮೊಬೈಲ್ ಆ್ಯಪ್ ಮಾಡುವವರಿಗೆ

ಉಡುಪಿಯ ಒಂದು ಸಣ್ಣ ಕ್ಲಿನಿಕ್‌ಗೆ ನಾವು ಮೂವರು ಸೇರಿ ಟೋಕನ್ ಆ್ಯಪ್ ಮಾಡಿಕೊಟ್ಟಿದ್ದೆವು. ಬೆಳಿಗ್ಗೆ ಆರಕ್ಕೇ ಬಂದು ಬಾಗಿಲ ಮುಂದೆ ಸರತಿ ಹಿಡಿಯುವ ಕಷ್ಟ ತಪ್ಪಲಿ ಎಂಬುದು ಡಾಕ್ಟರರ ಆಸೆಯಾಗಿತ್ತು. ಮೊದಲ ವಾರವೇ ಮಲ್ಪೆ ಕಡೆಯ ಒಬ್ಬರು ಅಮ್ಮ ತಮ್ಮೊಬ್ಬರ ಹೆಸರಲ್ಲೇ ಮೂರು ಟೋಕನ್ ಹಿಡಿದು ಬಂದರು. ಮೂರಕ್ಕೂ ದುಡ್ಡು ಕೊಡಬೇಕೇನೋ ಎಂಬ ಹೆದರಿಕೆ ಅವರ ಮುಖದಲ್ಲಿತ್ತು. "ನಾನು ಒಂದೇ ಸಲ ಒತ್ತಿದ್ದು ಮಗ, ಅದೇ ಮೂರು ಕೊಟ್ಟಿತು" ಎಂದರು. ಅವರ ಕೈ ನಡುಗುತ್ತಿತ್ತು. ಬೆರಳು ಗಾಜಿಗೆ ತಾಗಿದ ಕ್ಷಣಕ್ಕೇ ಟೋಕನ್ ಆಗಿಬಿಡುವ ಹಾಗೆ ಕೋಡ್ ಬರೆದವನು ನಾನು.

ಅದೇ ವಾರ, ಬ್ಯಾಂಕಿನಲ್ಲಿ ಕೆಲಸ ಮಾಡುವ, ಕಣ್ಣು ಕಾಣದ ಗೆಳೆಯನೊಬ್ಬನಿಗೆ ಆ್ಯಪ್ ಕಳಿಸಿದ್ದೆ. ಹತ್ತು ನಿಮಿಷಕ್ಕೆ ಅವನ ಫೋನ್ ಬಂತು. "ನಿನ್ನ ಆ್ಯಪ್‌ನಲ್ಲಿ ಹದಿನಾಲ್ಕು ಬಟನ್ ಉಂಟು ಮಾರಾಯ. ಹದಿನಾಲ್ಕಕ್ಕೂ ಹೆಸರೇ ಇಲ್ಲ. ನಾನು ಎಂಥ ಒತ್ತುದು?"

ಈ ಎರಡು ಮಾತು ಕೇಳಿದ ಮೇಲೆ ಆ್ಯಪನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಕಟ್ಟಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಗುಂಡಿ ಫೋನಿನಲ್ಲಿ 5ರ ಮೇಲೆ ಒಂದು ಸಣ್ಣ ಉಬ್ಬು ಇರುತ್ತಿತ್ತು, ನೆನಪಿರಬಹುದು. ಅದೊಂದು ಸಿಕ್ಕಿದರೆ ಕಣ್ಣು ಮುಚ್ಚಿಯೂ ಉಳಿದ ಒಂಬತ್ತು ಅಂಕಿ ಸಿಗುತ್ತಿತ್ತು. ಗಾಜಿನ ಪರದೆಗೆ ಉಬ್ಬಿಲ್ಲ, ಅಂಚಿಲ್ಲ; ಎಲ್ಲಿ ಮುಟ್ಟಿದರೂ ಒಂದೇ ನುಣುಪು. ಆ ಉಬ್ಬು ಮಾಡುತ್ತಿದ್ದ ಕೆಲಸವನ್ನು ಈಗ ಆ್ಯಪ್ ಮಾಡುವವರೇ ಮಾಡಿಕೊಡಬೇಕು.

ಮೊದಲು: ನಿಮ್ಮ ಫೋನಿನಲ್ಲೇ ಟಾಕ್‌ಬ್ಯಾಕ್ ಹಾಕಿ

ಕೋಡ್ ಮುಟ್ಟುವ ಮೊದಲು ಇದನ್ನು ಮಾಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಎಂಬ ಭಾಗದೊಳಗೆ, ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ಟಾಕ್‌ಬ್ಯಾಕ್ ಇದೆ. ಐಫೋನಿನಲ್ಲಿ ಅದೇ ಕೆಲಸ ಮಾಡುವುದು ವಾಯ್ಸ್‌ಓವರ್. ಎರಡೂ 2009ರಿಂದ ಇವೆ, ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಹಾಕುವ ಮೊದಲು ತೆಗೆಯುವುದನ್ನು ಕಲಿತುಕೊಳ್ಳಿ: ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್‌ನ ಶಾರ್ಟ್‌ಕಟ್ ಆನ್ ಮಾಡಿಟ್ಟರೆ ವಾಲ್ಯೂಮ್‌ನ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ ಸಾಕು.

ಟಾಕ್‌ಬ್ಯಾಕ್ ಇರುವಾಗ ಪರದೆಯ ನಡವಳಿಕೆಯೇ ಬೇರೆ. ಒಮ್ಮೆ ಮುಟ್ಟಿದರೆ ಅಲ್ಲಿ ಏನಿದೆಯೆಂದು ಓದಿ ಹೇಳುತ್ತದೆ. ಎರಡು ಸಲ ತಟ್ಟಿದರೆ ಮಾತ್ರ ಕೆಲಸ ಆಗುತ್ತದೆ, ಆ ಎರಡು ತಟ್ಟು ಪರದೆಯ ಎಲ್ಲಿ ಬಿದ್ದರೂ ಸರಿ. ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು. ಪರದೆ ಜಾರಿಸಬೇಕಾದರೆ ಎರಡು ಬೆರಳು ಬೇಕು.

ಇಷ್ಟು ಕಲಿತ ಮೇಲೆ ಕಣ್ಣು ಮುಚ್ಚಿ ನಿಮ್ಮದೇ ಆ್ಯಪ್‌ನಲ್ಲಿ ಒಂದು ಪೂರ್ತಿ ಕೆಲಸ ಮುಗಿಸಿ. ನಮ್ಮಲ್ಲಿ ಆ ಕೆಲಸ ಒಂದು ಟೋಕನ್ ತೆಗೆಯುವುದಾಗಿತ್ತು. ನನಗೆ ಹನ್ನೊಂದು ನಿಮಿಷ ಹಿಡಿಯಿತು, ಕೊನೆಗೂ ತಪ್ಪು ಡಾಕ್ಟರರ ಟೋಕನ್ ಸಿಕ್ಕಿತು. ಎಲ್ಲಿ ತಡವರಿಸಿದಿರಿ ಎಂದು ಕಾಗದದ ಮೇಲೆ ಬರೆದಿಡಿ. ಮುಂದಿನ ಹೆಜ್ಜೆಗಳಲ್ಲಿ ಅದೇ ನಿಮ್ಮ ಕೆಲಸದ ಪಟ್ಟಿ.

ಪ್ರತಿಯೊಂದಕ್ಕೂ ಹೆಸರಿಡಿ, ಕನ್ನಡದಲ್ಲೇ ಇಡಿ

ಹೆಚ್ಚು ಕೆಲಸ ಇರುವುದು ಇಲ್ಲಿ, ಹೆಚ್ಚು ಫಲ ಸಿಗುವುದೂ ಇಲ್ಲೇ.

ಚಿತ್ರ ಮಾತ್ರ ಇರುವ ಬಟನ್ ಕಣ್ಣು ಕಾಣುವವರಿಗೆ ತಿಳಿಯುತ್ತದೆ, ಟಾಕ್‌ಬ್ಯಾಕ್‌ಗೆ ತಿಳಿಯುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಕಂಟೆಂಟ್ ಡಿಸ್ಕ್ರಿಪ್ಶನ್, ಆ್ಯಪ್ ಕಟ್ಟುವ ಸಲಕರಣೆಯಾದ ಫ್ಲಟರ್‌ನಲ್ಲಿ ಸೆಮ್ಯಾಂಟಿಕ್ಸ್ ವಿಜೆಟ್, ವೆಬ್ ಪುಟದಲ್ಲಿ ಅರಿಯಾ ಲೇಬಲ್ ಇರುವುದು ಈ ಹೆಸರು ಕೊಡುವುದಕ್ಕಾಗಿಯೇ. ಚಿತ್ರ ಹೇಗೆ ಕಾಣುತ್ತದೆ ಎಂಬುದನ್ನಲ್ಲ, ಒತ್ತಿದರೆ ಏನಾಗುತ್ತದೆ ಎಂಬುದನ್ನು ಬರೆಯಿರಿ. "ಭೂತಗನ್ನಡಿ" ಎಂದಲ್ಲ, "ಡಾಕ್ಟರರನ್ನು ಹುಡುಕಿ". ಹೆಸರಿನ ಕೊನೆಗೆ "ಬಟನ್" ಎಂದು ಸೇರಿಸಬೇಡಿ. ಅದನ್ನು ಟಾಕ್‌ಬ್ಯಾಕ್ ತಾನೇ ಹೇಳುತ್ತದೆ, ನೀವೂ ಬರೆದರೆ "ಹುಡುಕಿ ಬಟನ್ ಬಟನ್" ಎಂದು ಕೇಳಿಸುತ್ತದೆ. ವೆಬ್ ಪುಟವಾದರೆ ಡಿವ್ ಎಂಬ ಬರಿಯ ಪೆಟ್ಟಿಗೆಯ ಟ್ಯಾಗ್‌ಗೆ ಬಣ್ಣ ಬಳಿದು ಬಟನ್ ಮಾಡಬೇಡಿ. ನಿಜವಾದ ಬಟನ್ ಟ್ಯಾಗ್ ಹಾಕಿದರೆ ಅರ್ಧ ಕೆಲಸ ಬ್ರೌಸರೇ ಮಾಡಿಕೊಡುತ್ತದೆ.

ನಾವೆಲ್ಲ ಮಾಡುವ ಒಂದು ತಪ್ಪು ಹೇಳುತ್ತೇನೆ. ಪರದೆಯ ಮೇಲಿನ ಪದಗಳನ್ನು ಕನ್ನಡಕ್ಕೆ ತರುತ್ತೇವೆ, ಕೋಡಿನೊಳಗೆ ಅಡಗಿರುವ ಈ ಹೆಸರುಗಳನ್ನು ಇಂಗ್ಲಿಷಿನಲ್ಲೇ ಬಿಡುತ್ತೇವೆ. ಕಾಣುವವರಿಗೆ ಕನ್ನಡದ ಆ್ಯಪ್, ಕಾಣದವರಿಗೆ ಅರ್ಧ ಇಂಗ್ಲಿಷ್ ಆ್ಯಪ್. ಈ ಹೆಸರುಗಳನ್ನೂ ಉಳಿದ ಪದಗಳಿರುವ ಕಡತಕ್ಕೇ ಹಾಕಿ, ಅನುವಾದ ಮಾಡುವವರ ಕಣ್ಣಿಗೆ ಬೀಳಲಿ. ಜೊತೆಗೆ ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಹೇಳಿಡಿ. ವೆಬ್‌ನಲ್ಲಿ ಲ್ಯಾಂಗ್ ಎಂಬ ಗುಣಕ್ಕೆ ಕನ್ನಡದ ಎರಡಕ್ಷರದ ಸಂಕೇತ ಕೊಟ್ಟರೆ ಆಯಿತು. ಆಂಡ್ರಾಯ್ಡ್ 13ರಿಂದ ಒಂದೊಂದು ಆ್ಯಪ್‌ಗೂ ಬೇರೆ ಭಾಷೆ ಆರಿಸಿಕೊಳ್ಳಬಹುದು, ಅದಕ್ಕೆ ನಿಮ್ಮ ಆ್ಯಪನ್ನು ಸಜ್ಜು ಮಾಡಿ. ಇಷ್ಟು ಮಾಡದಿದ್ದರೆ ಕನ್ನಡದ ಸಾಲನ್ನು ಇಂಗ್ಲಿಷ್ ದನಿ ಓದಲು ಹೊರಟು ತೊದಲಬಹುದು, ಇಲ್ಲವೇ ಸಾಲನ್ನೇ ಹಾರಿಸಬಹುದು.

ಮುಂದಿನ ಮಾತು ಗುಂಪು ಮಾಡುವುದರ ಬಗ್ಗೆ. ನಮ್ಮ ಆ್ಯಪ್‌ನಲ್ಲಿ ಒಬ್ಬೊಬ್ಬ ಡಾಕ್ಟರರದ್ದೂ ಒಂದು ಕಾರ್ಡ್: ಫೋಟೋ, ಹೆಸರು, ಯಾವ ತಜ್ಞರು, ಸಮಯ, ಉಳಿದ ಟೋಕನ್. ಗೆಳೆಯ ಒಂದು ಕಾರ್ಡ್ ದಾಟಲು ಐದು ಸಲ ಸವರಬೇಕಿತ್ತು. ಎಂಟು ಡಾಕ್ಟರರಿದ್ದರೆ ನಲವತ್ತು ಸಲ. ಐದನ್ನೂ ಸೇರಿಸಿ ಒಂದೇ ಮಾಡಿದೆವು. ಈಗ ಹೆಸರಿನ ನಂತರ "ಮೂಳೆ ತಜ್ಞರು, ಇಂದು ಸಂಜೆ 4ರಿಂದ 7, ಆರು ಟೋಕನ್ ಬಾಕಿ" ಎಂದು ಒಂದೇ ಉಸಿರಿಗೆ ಓದುತ್ತದೆ. ಅಲಂಕಾರಕ್ಕೆ ಇರುವ ಚಿತ್ರಗಳನ್ನು ಟಾಕ್‌ಬ್ಯಾಕ್ ಬಿಟ್ಟುಬಿಡುವ ಹಾಗೆ ಗುರುತು ಮಾಡಿ. ಸ್ಟೆತಸ್ಕೋಪಿನ ಚಿತ್ರ ಇದೆ ಎಂದು ಕೇಳಿ ರೋಗಿಗೆ ಆಗಬೇಕಾದ್ದು ಏನೂ ಇಲ್ಲ.

ಕಿವಿಗೆ ಬರೆಯುವುದು ಕಣ್ಣಿಗೆ ಬರೆದಂತಲ್ಲ. "ಡಾ." ಎಂದು ಬರೆದರೆ ಬರಿಯ "ಡಾ" ಎಂದು ಓದಬಹುದು, "4-7" ಎಂಬುದನ್ನು "ನಾಲ್ಕು ಏಳು" ಎನ್ನಬಹುದು. ಅಡಗಿದ ಹೆಸರಿನಲ್ಲಿ "ಡಾಕ್ಟರ್", "4ರಿಂದ 7" ಎಂದು ಬಿಡಿಸಿ ಬರೆಯಿರಿ.

ಫಾರ್ಮ್‌ನ ಖಾನೆಯೊಳಗೆ ಮಸುಕಾಗಿ "ನಿಮ್ಮ ಹೆಸರು" ಎಂದು ಬರೆದು ಅದನ್ನೇ ಶೀರ್ಷಿಕೆ ಮಾಡುವ ರೂಢಿಯನ್ನೂ ಬಿಡಿ. ಟೈಪ್ ಮಾಡಲು ತೊಡಗಿದ ಕೂಡಲೇ ಅದು ಮಾಯವಾಗುತ್ತದೆ, ಮರೆವಿನ ವಯಸ್ಸಿನವರು ಏನು ಬರೆಯಲು ಬಂದೆನೆಂದು ಅಲ್ಲೇ ನಿಲ್ಲುತ್ತಾರೆ. ಶೀರ್ಷಿಕೆ ಖಾನೆಯ ಮೇಲೆ ಇರಲಿ, ಯಾವಾಗಲೂ ಇರಲಿ.

ಅಳತೆ ಮತ್ತು ಜಾಗ

ಆಂಡ್ರಾಯ್ಡ್ ಹೇಳುವುದು ಒಂದು ಬಟನ್ನಿಗೆ ಕನಿಷ್ಠ 48 ಡಿಪಿ ಉದ್ದ, 48 ಡಿಪಿ ಅಗಲ (ಡಿಪಿ ಎಂದರೆ ಆಂಡ್ರಾಯ್ಡ್‌ನಲ್ಲಿ ಪರದೆಯ ಅಳತೆಯ ಮಾನ). ಪರದೆಯ ಮೇಲೆ ಅದು ಸುಮಾರು 9 ಮಿಲಿಮೀಟರ್. ಆ್ಯಪಲ್‌ನದು 44 ಪಾಯಿಂಟ್. ವೆಬ್‌ನ ಅಂತರರಾಷ್ಟ್ರೀಯ ನಿಯಮಾವಳಿ ಡಬ್ಲ್ಯುಸಿಎಜಿ, ಅದರ 2023ರ ಅಕ್ಟೋಬರ್‌ನಲ್ಲಿ ಬಂದ 2.2 ಆವೃತ್ತಿ, ಎಎ ಎಂಬ ನಡುವಿನ ಮಟ್ಟಕ್ಕೆ 24 ಪಿಕ್ಸೆಲ್ ಸಾಕು ಎನ್ನುತ್ತದೆ. 44 ಕೇಳುವುದು ಎಎಎ ಎಂಬ ಎಲ್ಲಕ್ಕಿಂತ ಬಿಗಿಯಾದ ಮಟ್ಟದಲ್ಲಿ. 24 ಎಂಬುದು ತೀರ ತಳದ ಮಿತಿ. ದಯವಿಟ್ಟು ಅದನ್ನು ಗುರಿ ಮಾಡಿಕೊಳ್ಳಬೇಡಿ.

ಚಿತ್ರ ಸಣ್ಣದೇ ಇರಲಿ, ಅದರ ಸುತ್ತಲಿನ ಖಾಲಿ ಜಾಗವೂ ಒತ್ತಿದರೆ ಕೆಲಸ ಮಾಡುವಂತಿರಲಿ. ಎರಡು ಬಟನ್‌ಗಳ ನಡುವೆ 8 ಡಿಪಿಯಾದರೂ ಬಿಡಿ. ನಮ್ಮ ಸಮಯದ ಪಟ್ಟಿಯಲ್ಲಿ ಸಾಲಿಗೆ ಐದು ಚೌಕಗಳಿದ್ದವು, ಕಣ್ಣಿಗೆ ಬಲು ಅಚ್ಚುಕಟ್ಟು. ಸಾಲಿಗೆ ಎರಡು ಮಾಡಿದೆವು. ಜಾರಿಸುವುದು ಹೆಚ್ಚಾಯಿತು, ತಪ್ಪು ಸಮಯಕ್ಕೆ ಬರುವವರು ಕಡಿಮೆಯಾದರು. "ರದ್ದು ಮಾಡಿ" ಎಂಬುದನ್ನು "ಟೋಕನ್ ತೆಗೆದುಕೊಳ್ಳಿ" ಎಂಬುದರ ಮಗ್ಗುಲಲ್ಲಿ ಕೂರಿಸಲೇಬೇಡಿ.

ನಮ್ಮ ಕರಾವಳಿಯಲ್ಲಿ ಬೆರಳುಗಳೂ ಬೇರೆ ಬೇರೆ. ಪರದೆ ನಮ್ಮ ಸ್ಪರ್ಶವನ್ನು ಹಿಡಿಯುವುದು ಚರ್ಮದ ಮೂಲಕ ಆಗುವ ವಿದ್ಯುತ್ತಿನ ಸಣ್ಣ ಏರುಪೇರಿನಿಂದ. ಮೀನು ಮುಟ್ಟಿದ ಒದ್ದೆ ಕೈ, ಜೂನಿನ ಮಳೆಯಲ್ಲಿ ಗಾಜಿನ ಮೇಲೆ ಕೂತ ಹನಿ, ಎರಡೂ ಅದನ್ನು ಗೊಂದಲಕ್ಕೆ ಹಾಕುತ್ತವೆ. ಒಣಗಿ ಗಟ್ಟಿಯಾದ ಚರ್ಮ ತಾಗಿದ್ದು ಕೆಲವೊಮ್ಮೆ ತಿಳಿಯುವುದೇ ಇಲ್ಲ. ಗಾಜನ್ನು ನಾವು ಬದಲಿಸಲಾರೆವು. ದೊಡ್ಡ ಬಟನ್ ಕೊಡಬಹುದು, ತಪ್ಪಾದರೆ ಹಿಂದೆ ಬರುವ ದಾರಿ ಕೊಡಬಹುದು. ಬೀಡಿ ಕಟ್ಟಿ ಬೆರಳ ತುದಿ ಸವೆದ ಎಷ್ಟೋ ಮಂದಿ ನಮ್ಮ ಮನೆಗಳಲ್ಲೇ ಇದ್ದಾರೆ. ಹಾಗಾಗಿ ಬೆರಳಚ್ಚಿನ ಲಾಗಿನ್ ಒಂದನ್ನೇ ಇಟ್ಟು ಉಳಿದ ಬಾಗಿಲು ಮುಚ್ಚಬೇಡಿ.

ಮಂಗಳೂರಿನ ಸರ್ವಿಸ್ ಬಸ್ಸಿನಲ್ಲಿ ಒಂದು ಕೈ ಸರಳಿನ ಮೇಲೆ, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತು ನಿಮ್ಮ ಆ್ಯಪ್ ಬಳಸಿ ನೋಡಿ. ಹೆಬ್ಬೆರಳಿಗೆ ಎಟುಕುವ ಜಾಗ ಪರದೆಯ ಕೆಳಭಾಗ ಎಂದು ಗೊತ್ತಾಗುತ್ತದೆ. ಮುಖ್ಯ ಬಟನ್ ಅಲ್ಲಿರಲಿ. ತೀರ ಕೆಳ ಅಂಚಿಗೆ ಬೇಡ, ಅಲ್ಲಿ ಫೋನಿನದೇ ಸವರುವ ಸನ್ನೆಗಳು ಅಡ್ಡ ಬರುತ್ತವೆ. ಒಂದು ಕೈ ಮಾತ್ರ ಇರುವವರಿಗೆ ಇದು ಬಸ್ಸಿನ ಇಪ್ಪತ್ತು ನಿಮಿಷದ ತೊಂದರೆಯಲ್ಲ, ದಿನವಿಡೀ ಇರುವುದು.

ಬೆರಳು ಎತ್ತಿದ ಮೇಲೆ ಕೆಲಸ

ಮಲ್ಪೆಯ ಅಮ್ಮನಿಗೆ ಮೂರು ಟೋಕನ್ ಬಂದದ್ದು ಇಲ್ಲಿ ತಪ್ಪಿದ್ದರಿಂದ. ಬೆರಳು ತಾಗಿದಾಗ ಅಲ್ಲ, ಬೆರಳು ಎತ್ತಿದಾಗ ಕೆಲಸ ನಡೆಯಬೇಕು. ಹಾಗಾದರೆ ತಪ್ಪು ಬಟನ್ನಿನ ಮೇಲೆ ಬೆರಳಿಟ್ಟವರು ಅದನ್ನು ಎತ್ತದೆ ಹೊರಕ್ಕೆ ಜಾರಿಸಿ ಬಿಟ್ಟರೆ ಏನೂ ಆಗುವುದಿಲ್ಲ. ಆಂಡ್ರಾಯ್ಡ್‌ನ ಮಾಮೂಲಿ ಕ್ಲಿಕ್ ಹೀಗೇ ಇದೆ. ನಾನು ವೇಗ ಸಿಗಲೆಂದು ಅದನ್ನು ಬಿಟ್ಟು ಟಚ್ ಡೌನ್, ಅಂದರೆ ಬೆರಳು ತಾಗುವ ಕ್ಷಣವನ್ನೇ, ಹಿಡಿದಿದ್ದೆ. ಜೊತೆಗೆ, ಒಮ್ಮೆ ಒತ್ತಿದ ಮೇಲೆ ಉತ್ತರ ಬರುವ ತನಕ ಎರಡನೆಯ ಒತ್ತು ಲೆಕ್ಕಕ್ಕೆ ಬರದಂತೆ ಮಾಡಿ, ಸರ್ವರಿನಲ್ಲೂ ಒಬ್ಬರಿಗೆ ಒಂದೇ ಟೋಕನ್ ಎಂಬ ತಡೆ ಹಾಕಿ.

ಎಳೆಯುವುದು, ಚಿವುಟಿ ಹಿಗ್ಗಿಸುವುದು, ಫೋನ್ ಅಲ್ಲಾಡಿಸುವುದು, ಇವೆಲ್ಲ ಇದ್ದರೆ ಇರಲಿ. ಪ್ರತಿಯೊಂದಕ್ಕೂ ಬರಿಯ ಒತ್ತಿನ ದಾರಿ ಒಂದು ಇರಬೇಕು. ನಕಾಶೆಗೆ ಕೂಡು, ಕಳೆ ಚಿಹ್ನೆಯ ಬಟನ್. ಸವರಿ ಅಳಿಸುವ ಕಡೆ ಅಳಿಸುವ ಬಟನ್. ಟಾಕ್‌ಬ್ಯಾಕ್ ಇರುವಾಗ ಒಂದು ಬೆರಳಿನ ಸವರು ಅದರದೇ ಕೆಲಸಕ್ಕೆ ಹೋಗುತ್ತದೆ, ನಿಮ್ಮ ಆ್ಯಪ್‌ಗೆ ತಲುಪುವುದಿಲ್ಲ. ಪರದೆಯನ್ನು ನಿಲುವಿಗೇ ಬೀಗ ಹಾಕಿ ಇಡಬೇಡಿ. ಗಾಲಿಕುರ್ಚಿಗೆ ಫೋನನ್ನು ಅಡ್ಡ ಸಿಕ್ಕಿಸಿಕೊಂಡವರು ತಿರುಗಿಸಲಾರರು.

ಕನ್ನಡ ಅಕ್ಷರಕ್ಕೆ ಬೇಕಾದ ಜಾಗ

ಇಂಗ್ಲಿಷಿನಲ್ಲಿ ಬರೆದ ಮಾರ್ಗದರ್ಶಿಗಳಲ್ಲಿ ಇದು ಸಾಮಾನ್ಯವಾಗಿ ಸಿಗುವುದಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಅಕ್ಷರ ಕೆಳಕ್ಕೂ ಬೆಳೆಯುತ್ತದೆ. "ಸ್ತ್ರೀರೋಗ ತಜ್ಞರು" ಎಂದು ಬರೆದು ನೋಡಿ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ದೀರ್ಘದ ಗುರುತುಗಳು ಪಕ್ಕಕ್ಕೆ ಚಾಚುತ್ತವೆ. ಇಂಗ್ಲಿಷಿಗೆಂದು ಎತ್ತರ ನಿಗದಿ ಮಾಡಿದ ಬಟನ್ನಿನಲ್ಲಿ ಇದೇ ಪದ ಕೂರಿಸಿದರೆ ಒತ್ತು ಕತ್ತರಿಸಿಹೋಗುತ್ತದೆ. ಒತ್ತು ಹೋದರೆ ಪದವೇ ಬೇರೆ: "ಹತ್ತು" ಎಂಬುದು "ಹತು" ಆಗುತ್ತದೆ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟಾದರೂ ಇರಲಿ. ಬಟನ್ನಿಗೆ ಎತ್ತರ ನಿಗದಿ ಮಾಡಬೇಡಿ. ಕನಿಷ್ಠ ಎಷ್ಟು ಎಂದಷ್ಟೇ ಹೇಳಿ, ಒಳಗಿನ ಪದ ಬೆಳೆದಂತೆ ಅದೂ ಬೆಳೆಯಲಿ.

ಬ ಮತ್ತು ಭ, ದ ಮತ್ತು ಧ. ಒಂದೊಂದು ಜೋಡಿಯ ನಡುವೆ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಅಕ್ಷರ ಸಣ್ಣದಾಗಿ, ದಪ್ಪದಾಗಿ ಇದ್ದರೆ ಆ ಸೀಳು ಮುಚ್ಚಿಹೋಗುತ್ತದೆ, ಪೊರೆ ಬಂದ ಕಣ್ಣಿಗೆ ಎರಡೂ ಒಂದೇ. 16 ಎಸ್‌ಪಿಗಿಂತ (ಎಸ್‌ಪಿ ಎಂದರೆ ಆಂಡ್ರಾಯ್ಡ್‌ನಲ್ಲಿ ಅಕ್ಷರದ ಅಳತೆಯ ಮಾನ) ಕೆಳಗೆ ಹೋಗಬೇಡಿ. ಎದ್ದು ಕಾಣಬೇಕಾದ್ದನ್ನು ದಪ್ಪ ಮಾಡುವ ಬದಲು ದೊಡ್ಡದು ಮಾಡಿ. ಅಳತೆಯನ್ನು ಎಸ್‌ಪಿಯಲ್ಲೇ ಕೊಡಿ. ಆಗ ಫೋನಿನಲ್ಲಿ ಅಕ್ಷರ ಹಿಗ್ಗಿಸಿದವರಿಗೆ ನಿಮ್ಮ ಆ್ಯಪ್‌ನಲ್ಲೂ ಹಿಗ್ಗುತ್ತದೆ. 2023ರ ಆಂಡ್ರಾಯ್ಡ್ 14ರಿಂದ 200 ಪ್ರತಿಶತದವರೆಗೆ ಹಿಗ್ಗಿಸಬಹುದು. ಅಷ್ಟಕ್ಕೂ ಹಿಗ್ಗಿಸಿ ನೋಡಿ. ನಮ್ಮದರಲ್ಲಿ "ಮುಂದುವರಿಯಿರಿ" ಎಂಬುದು "ಮುಂದುವ…" ಎಂದು ನಿಂತಿತ್ತು. ಹುಡುಕಿದರೆ ಚಿಕ್ಕ ಪದ ನಮ್ಮಲ್ಲೇ ಇತ್ತು: "ಮುಂದೆ". "ದೃಢೀಕರಿಸಿ" ಎಂಬುದನ್ನೂ ತೆಗೆದು "ಸರಿ, ಟೋಕನ್ ಕೊಡಿ" ಎಂದು ಹಾಕಿದೆವು. ಕೌಂಟರಿನಲ್ಲಿ ನಿಂತು ಜನ ಹೇಳುವುದು ಅದನ್ನೇ. ಅಂಕಿಗಳನ್ನು 1, 2, 3 ಎಂದೇ ಬರೆದೆವು. ಬಸ್ಸಿನ ನಂಬ್ರದಿಂದ ಔಷಧಿ ಚೀಟಿಯವರೆಗೆ ಎಲ್ಲರ ಕಣ್ಣಿಗೆ ರೂಢಿಯಾಗಿರುವುದು ಅದು.

ಕ್ಲಿನಿಕ್‌ನವರು ಕೊಟ್ಟ ಸೂಚನೆಗಳಲ್ಲಿ ಕೆಲವು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು, ಎಲ್ಲ ಫೋನಿಗೂ ಕನ್ನಡವೆಂದೇ ತಿಳಿಯುವ ಯೂನಿಕೋಡ್ ಅಲ್ಲ. ಅವು ಫಾಂಟ್ ಇದ್ದಾಗ ಮಾತ್ರ ಕನ್ನಡದ ಹಾಗೆ ಕಾಣುತ್ತವೆ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ರಾಶಿ, ಟಾಕ್‌ಬ್ಯಾಕ್ ಆ ರಾಶಿಯನ್ನೇ ಓದುತ್ತದೆ. ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿ. ವಾಟ್ಸಾಪಿನಲ್ಲಿ ಹರಿದಾಡುವ ಪೋಸ್ಟರಿನಂತೆ ಸೂಚನೆಯನ್ನು ಚಿತ್ರ ಮಾಡಿ ಅಂಟಿಸಬೇಡಿ, ಕಣ್ಣು ಕಾಣದವರಿಗೆ ಅದು ಖಾಲಿ ಗೋಡೆ.

ಬಣ್ಣ

ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಕಾಂತಿಯ ಅನುಪಾತ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ, ಬಟನ್ನಿನ ಗೆರೆಗೆ 3ಕ್ಕೆ 1. ಬಿಳಿಯ ಮೇಲೆ 767676 ಎಂಬ ಸಂಕೇತದ ಬೂದು ಬಣ್ಣ 4.54 ಬಂದು ಪಾಸಾಗುತ್ತದೆ, ಅದಕ್ಕಿಂತ ತುಸು ತಿಳಿಯಾದ 777777 ಫೇಲು. ಲೆಕ್ಕ ಪಾಸಾದರೂ ಮಧ್ಯಾಹ್ನ ಹನ್ನೆರಡಕ್ಕೆ ಮಲ್ಪೆಯ ಕಡಲ ದಂಡೆಯಲ್ಲಿ ನಿಂತು ಒಮ್ಮೆ ಓದಿ ನೋಡಿ. ಸಿಗುವ ಸಮಯ ಹಸಿರು, ಮುಗಿದದ್ದು ಕೆಂಪು ಎಂದು ಬಣ್ಣಕ್ಕೇ ಬಿಡಬೇಡಿ. "ಬಾಕಿ ಉಂಟು", "ಮುಗಿದಿದೆ" ಎಂದು ಬರೆಯಿರಿ.

ಸಮಯ ಕೊಡಿ

ಒಟಿಪಿ ಬರುತ್ತದೆ, ಮೂವತ್ತು ಸೆಕೆಂಡ್ ಗಡುವು. ಟಾಕ್‌ಬ್ಯಾಕ್ ಬಳಸುವವರು ಮೆಸೇಜ್ ತೆರೆದು, ಅಷ್ಟೂ ಕೇಳಿ, ಆರು ಅಂಕಿ ನೆನಪಿಟ್ಟು, ಮತ್ತೆ ಆ್ಯಪ್ ಹುಡುಕಿ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಬಂದ ಒಟಿಪಿ ತಾನಾಗಿ ತುಂಬುವ ಸೌಲಭ್ಯ ಆಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ಇದೆ, ಬಳಸಿ. ಆರು ಅಂಕಿಗೆ ಆರು ಪೆಟ್ಟಿಗೆ ಬೇಡ, ಒಂದೇ ಖಾನೆ ಸಾಕು. ಪೇಸ್ಟ್ ಮಾಡಲು ಬಿಡಿ. ಆ್ಯಪ್‌ನಿಂದ ಹೊರಗೆ ಹೋಗಿ ಬಂದರೆ ಬರೆದದ್ದೆಲ್ಲ ಅಳಿಸಿಹೋಗದಿರಲಿ. ಕಾಣಿಸಿ ಮರುಕ್ಷಣ ಮಾಯವಾಗುವ ಸಣ್ಣ ಪಟ್ಟಿಯಲ್ಲಿ ಮುಖ್ಯ ಸುದ್ದಿ ಹೇಳಬೇಡಿ; "ನಿಮ್ಮ ಟೋಕನ್ 23" ಎಂಬುದು ಪರದೆಯ ಮೇಲೇ ನಿಲ್ಲಬೇಕು.

ಸರತಿ ಮುಂದೆ ಸಾಗಿದಂತೆ "ಈಗ 14ನೇ ಟೋಕನ್" ಎಂದು ಟಾಕ್‌ಬ್ಯಾಕ್ ತಾನೇ ಹೇಳುವ ಹಾಗೆ ಲೈವ್ ರೀಜನ್ ಎಂಬ ಗುರುತು ಹಾಕಬಹುದು. ಓದುತ್ತಿರುವುದು ಮುಗಿದ ಮೇಲೆ ಹೇಳುವ ಮೆದು ವಿಧಾನವನ್ನೇ ಆರಿಸಿ. ನಾವು ಮೊದಲು ಪ್ರತಿ ಬದಲಾವಣೆಗೂ ಹೇಳಿಸಿದ್ದೆವು, ಗೆಳೆಯನಿಗೆ ತಲೆ ಚಿಟ್ಟು ಹಿಡಿಯಿತು. ಈಗ ಕೊನೆಯ ಐದು ಟೋಕನ್‌ಗೆ ಮಾತ್ರ. ಜೊತೆಗೆ ಫೋನ್ ಕಂಪಿಸುತ್ತದೆ. ಇದರಿಂದ ಹೆಚ್ಚು ಉಪಕಾರ ಆದದ್ದು ಕಿವಿ ಕೇಳದವರಿಗೆ; ಕ್ಲಿನಿಕ್‌ನಲ್ಲಿ ಹೆಸರು ಕರೆಯುವಾಗ ನರ್ಸಿನ ಬಾಯಿಯನ್ನೇ ನೋಡುತ್ತ ಕೂರುವ ಅವಸ್ಥೆ ಅವರಿಗೆ ತಪ್ಪಿತು.

ಗಿರಾಕಿ ಖರ್ಚಿನ ಮಾತೆತ್ತಿದರೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಖಾಸಗಿ ಸೇವೆ ಕೊಡುವವರಿಗೂ ಅನ್ವಯಿಸುತ್ತದೆ ಎಂದು ಹೇಳಿ. ಆ್ಯಪ್, ವೆಬ್‌ಸೈಟ್‌ಗಳಿಗೆ ಐಎಸ್ 17802 ಎಂಬ ಭಾರತೀಯ ಮಾನದಂಡವೇ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಆ್ಯಸಿಡ್ ದಾಳಿಗೆ ತುತ್ತಾದವರೂ ದೃಷ್ಟಿಹೀನರೊಬ್ಬರೂ ತಂದ ಅರ್ಜಿಗಳ ಮೇಲೆ, ಡಿಜಿಟಲ್ ಸೇವೆ ಎಲ್ಲರಿಗೂ ದೊರಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿದರೆ ಮಾತ್ರ ಮುಗಿಯುವ ಕೆವೈಸಿ, ಅಂದರೆ ಗಿರಾಕಿಯ ಗುರುತಿನ ಪರಿಶೀಲನೆ, ಅವರನ್ನು ಹೊರಗಿಟ್ಟಿತ್ತು.

ಕೊನೆಗೆ: ಬಳಸುವವರ ಕೈಗೆ ಕೊಡಿ

ಆ್ಯಕ್ಸೆಸಿಬಿಲಿಟಿ ಸ್ಕ್ಯಾನರ್ ಎಂಬ ಗೂಗಲ್‌ನ ಉಚಿತ ಆ್ಯಪ್, ಹೆಸರಿಲ್ಲದ ಬಟನ್, ಸಣ್ಣ ಬಟನ್, ಮಸುಕು ಅಕ್ಷರ ಎಲ್ಲಿದೆ ಎಂದು ತೋರಿಸುತ್ತದೆ. ಅದನ್ನು ಮೊದಲು ಓಡಿಸಿ. ಇಟ್ಟ ಹೆಸರಿಗೆ ಅರ್ಥ ಇದೆಯೇ ಎಂದು ಅದಕ್ಕೆ ತಿಳಿಯದು, ಅದಕ್ಕೆ ಮನುಷ್ಯರೇ ಬೇಕು.

ಮೂರು ನಾಲ್ಕು ಮಂದಿ ಸಾಕು: ಕಣ್ಣು ಕಾಣದವರೊಬ್ಬರು, ಕೈ ನಡುಗುವವರೊಬ್ಬರು, ಕನ್ನಡಕ ಹಾಕಿದರೂ ಓದಲು ತಿಣುಕುವ ಹಿರಿಯರೊಬ್ಬರು. ಅವರ ಫೋನಿನಲ್ಲೇ ನೋಡಿ. ಟಾಕ್‌ಬ್ಯಾಕ್ ರೂಢಿಯಾದವರು ನಮಗೆ ಅರ್ಥವೇ ಆಗದ ವೇಗದಲ್ಲಿ ಕೇಳುತ್ತಾರೆ. ಬಂದುಹೋಗುವ ಖರ್ಚು, ಅವರ ಸಮಯಕ್ಕೆ ಸಂಬಳ, ಎರಡನ್ನೂ ಕೊಡಿ. "ನಾಳೆ ಸಂಜೆಗೆ ಒಂದು ಟೋಕನ್ ತೆಗೀರಿ" ಎಂದಷ್ಟೇ ಹೇಳಿ ಸುಮ್ಮನೆ ಕೂತಿರಿ. "ಅಲ್ಲೇ ಉಂಟಲ್ಲ ಅಮ್ಮ, ಕೆಳಗೆ" ಎನ್ನಬೇಕೆಂದು ನಾಲಗೆ ತುದಿಗೆ ಬರುತ್ತದೆ. ಹಾಗೆ ಹೇಳಬೇಕೆನಿಸಿದ ಜಾಗವನ್ನೇ ಬರೆದುಕೊಳ್ಳಿ, ತಪ್ಪಿರುವುದು ಅಲ್ಲಿ. ಅವರ ಕೈಯಿಂದ ಫೋನ್ ತೆಗೆದುಕೊಳ್ಳಬೇಡಿ.

ಮಲ್ಪೆಯ ಅಮ್ಮ ಹೊಸ ಆ್ಯಪ್‌ನಲ್ಲಿ ಒಂದೇ ಟೋಕನ್ ತೆಗೆದರು, ನಾಲ್ಕು ನಿಮಿಷ ಹಿಡಿಯಿತು. ಆಮೇಲೆ ಕೇಳಿದರು: "ಇದು ಆಗದಿದ್ದ ದಿನ ನಾನು ಫೋನ್ ಮಾಡಬಹುದಾ ಮಗ?" ನಮ್ಮ ಆ್ಯಪ್‌ನಲ್ಲಿ ಕ್ಲಿನಿಕ್‌ನ ಫೋನ್ ನಂಬ್ರ ಮೂರು ಪರದೆ ಒಳಗಿತ್ತು. ಈಗ ಅದು ಮೊದಲ ಪರದೆಯ ಮೇಲೆ, ಇಡೀ ಅಗಲದ ಒಂದು ಬಟನ್ ಆಗಿ ಇದೆ. ಒತ್ತಿದರೆ ನೇರ ಕೌಂಟರಿಗೆ ಕರೆ ಹೋಗುತ್ತದೆ, ಅಲ್ಲಿರುವವರು ಪುಸ್ತಕದಲ್ಲಿ ಹೆಸರು ಬರೆದು ಟೋಕನ್ ನಂಬ್ರ ಹೇಳುತ್ತಾರೆ.